ರಾತ್ರಿ ಎರಡಕ್ಕೆ ಫೋನ್ ಎತ್ತುವವರು

ಹೋದ ಭಾನುವಾರ ಮೇಲಿನ ಮನೆ ಆಂಟಿ ನನ್ನನ್ನು ಅರೆಸ್ಟ್ ಮಾಡಿಸಿದರು. ಅವರದೇ ಅಡುಗೆಮನೆಯಲ್ಲಿ, ಕೈಗೊಂದು ಲೋಟ ಟೀ ಕೊಟ್ಟು.

ವಿಷಯ ಇಷ್ಟೇ. ಆಂಟಿಯದು ನ್ಯೂಯಾರ್ಕಿನ ಕ್ವೀನ್ಸ್ ಕೋರ್ಟಿನಲ್ಲಿ ರಾತ್ರಿ ಪಾಳಿ. ಪೊಲೀಸರು ಹಿಡಿದು ತಂದವರನ್ನು ಜಡ್ಜ್ ಮುಂದೆ ನಿಲ್ಲಿಸುವ ಮೊದಲು ಒಂದಷ್ಟು ಪ್ರಶ್ನೆ ಕೇಳಿ, ‘ಇವನನ್ನು ಬಿಟ್ಟರೆ ವಾಯಿದೆ ದಿನ ತಾನಾಗಿ ಬರುತ್ತಾನಾ’ ಎಂದು ಅಂದಾಜು ಬರೆದುಕೊಡುವ ಹುಡುಗ ಹುಡುಗಿಯರಿದ್ದಾರೆ. ಅವರಿಗೆಲ್ಲ ಆಂಟಿ ಸೂಪರ್‌ವೈಸರ್. ಹೊಸದಾಗಿ ಸೇರಿದವರಿಗೆ ತರಬೇತಿ ಕೊಡಬೇಕಿತ್ತಂತೆ. ತಾಲೀಮಿಗೆ ಒಬ್ಬ ಆರೋಪಿ ಬೇಕಿತ್ತು, ಕಸದ ಡಬ್ಬ ಒಳಗೆ ಎಳೆದುಕೊಂಡು ಬರುತ್ತಿದ್ದ ನಾನು ಸಿಕ್ಕಿದೆ.

“ಏನು ಅಪರಾಧ ಮಾಡಿದ್ದೀನಿ ಆಂಟಿ?” ಎಂದೆ ಉತ್ಸಾಹದಲ್ಲಿ.

“ಅದನ್ನ ನಾವು ಕೇಳೋ ಹಾಗೇ ಇಲ್ಲ ಬೇಟಾ. ನೀನಾಗೇ ಹೇಳೋಕೆ ಬಂದ್ರೂ ತಡೀಬೇಕು. ಕೇಸು ವಕೀಲರದ್ದು. ನಮಗೆ ಬೇಕಾಗಿರೋದು ನೀನು ಯಾರವನು ಅಂತ.”

ಹೆಸರು, ವಿಳಾಸ, ಎಷ್ಟು ವರ್ಷದಿಂದ ಅಲ್ಲಿದ್ದೀಯ, ಜೊತೆಗೆ ಯಾರಿದ್ದಾರೆ, ಕೆಲಸ ಎಲ್ಲಿ. ಪಟಪಟ ಹೇಳಿದೆ. ವಿಳಾಸಕ್ಕೆ ಬಂದಾಗ ಆಂಟಿ ಪೆನ್ನು ಎತ್ತಿ ಹಿಡಿದು ‘ಅವೆನ್ಯೂನೋ, ಸ್ಟ್ರೀಟೋ’ ಎಂದು ಎರಡು ಸಲ ಕೇಳಿದರು. ನಮ್ಮ ರಿಚ್ಮಂಡ್ ಹಿಲ್ ಕಡೆ ಇದೊಂದು ಕರ್ಮ. 107ನೇ ಅವೆನ್ಯೂ ಇದೆ, 107ನೇ ಸ್ಟ್ರೀಟೂ ಇದೆ. ಹೊಸ ಹುಡುಗನೊಬ್ಬ ಹೋದ ತಿಂಗಳು ಒಂದರ ಬದಲು ಇನ್ನೊಂದು ಬರೆದನಂತೆ. ವಾಯಿದೆ ನೆನಪಿಸುವ ಕಾಗದ ಯಾರದೋ ಮನೆಗೆ ಹೋಗಿ ಬೀಳುತ್ತದೆ, ಆರೋಪಿ ಬರುವುದಿಲ್ಲ, ವಾರಂಟ್ ಹೊರಡುತ್ತದೆ. ಈ ಎಡವಟ್ಟು ಜಡ್ಜ್ ಮೇಜಿಗೆ ಹೋಗುವ ಮೊದಲೇ ಹಿಡಿಯುವುದು ಆಂಟಿಯ ಕೆಲಸ. ಹಿಡಿದ 24 ಗಂಟೆಯೊಳಗೆ ಜಡ್ಜ್ ಮುಂದೆ ನಿಲ್ಲಿಸಬೇಕೆಂಬ ನಿಯಮ ಬೇರೆ, ಹಾಗಾಗಿ ನಿಧಾನ ಎನ್ನುವ ಮಾತೇ ಇಲ್ಲ.

ಆಮೇಲೆ ಕೇಳಿದರು: “ನೀನು ಹೇಳಿದ್ದೆಲ್ಲ ನಿಜ ಅನ್ನೋರು ಒಬ್ಬರು ಬೇಕು. ಈಗ ರಾತ್ರಿ ಎರಡು ಗಂಟೆ. ಯಾರಿಗೆ ಫೋನ್ ಮಾಡ್ಲಿ?”

“ನನ್ನ ಹೆಂಡತಿಗೆ.”

“ನಂಬರ್ ಹೇಳು.”

ಜೇಬಿಗೆ ಕೈ ಹಾಕಿದೆ. ಆಂಟಿ ನಕ್ಕರು. “ನಿನ್ನ ಫೋನು ಪೊಲೀಸರ ಕವರಿನಲ್ಲಿದೆ ಬೇಟಾ.”

ಹನ್ನೊಂದು ವರ್ಷದ ಸಂಸಾರ, ಹೆಂಡತಿಯ ನಂಬರಿನಲ್ಲಿ ಮೊದಲ ಮೂರು ಅಂಕಿ ದಾಟಿ ಮುಂದೆ ಹೋಗಲಿಲ್ಲ. ಗೆಳೆಯರದ್ದು, ಆಫೀಸಿನವರದ್ದು, ಒಂದೂ ಇಲ್ಲ. ನನಗೆ ಬಾಯಿಪಾಠ ಇದ್ದದ್ದು ಒಂದೇ ನಂಬರು, ತಿಪಟೂರಿನ ನಮ್ಮ ಮನೆಯ ಲ್ಯಾಂಡ್‌ಲೈನು. ಅಪ್ಪ ತೀರಿಕೊಂಡ ವರ್ಷವೇ ಅದನ್ನು ಕಟ್ ಮಾಡಿಸಿದ್ದೆವು.

ಆಂಟಿ ಫಾರಮ್ಮಿನ ಮೇಲೆ ‘ಖಾತ್ರಿಯಾಗಿಲ್ಲ’ ಎಂದು ಬರೆದು ಲೋಟ ತೊಳೆಯಲು ಎದ್ದರು. “ಗಾಬರಿಯಾಗಬೇಡ, ಮುಕ್ಕಾಲು ಜನಕ್ಕೆ ಹೀಗೇ. ಒಂದೊಂದು ಸಲ ಅರ್ಧ ನೆನಪಿರೋ ನಂಬರ್ ಹಿಡಿದು ನಾಲ್ಕೈದು ಕಡೆ ನಾನೇ ತಿರುಗಿಸ್ತೀನಿ. ‘ಹೌದು, ನನ್ನ ತಮ್ಮ, ನಮ್ಮ ಮನೇಲೇ ಇರ್ತಾನೆ’ ಅಂತ ಒಂದು ನಿದ್ದೆಗಣ್ಣಿನ ದನಿ ಕೇಳಿಸಿದರೆ ಆಯ್ತು.”

ಆಂಟಿ ಗಯಾನಾದವರು. ಅವರ ಮುತ್ತಜ್ಜನನ್ನು ಕಬ್ಬಿನ ತೋಟಕ್ಕೆಂದು ಕಲ್ಕತ್ತದಿಂದ ಹಡಗು ಹತ್ತಿಸುವಾಗ ಬರೆದ ಚೀಟಿಯ ನಕಲು ಫ್ರಿಜ್ಜಿನ ಪಕ್ಕದಲ್ಲೇ ನೇತಾಡುತ್ತಿದೆ. ತಂದೆಯ ಹೆಸರು, ಜಿಲ್ಲೆ, ಹಳ್ಳಿ, ಎತ್ತರ, ಮೈಮೇಲಿನ ಮಚ್ಚೆ. “ಅವನನ್ನೂ ಯಾರೋ ಇಂಟರ್‌ವ್ಯೂ ಮಾಡಿದ್ರು. ಆದರೆ ಬಿಡೋಕಲ್ಲ” ಎಂದರು.

ಈ ಊರಿನವರೇನು ದೇವತೆಗಳಲ್ಲ. 16 ವರ್ಷದ ಕಲೀಫ್ ಬ್ರೌಡರ್ ಎಂಬ ಹುಡುಗನನ್ನು 2010ರಲ್ಲಿ ಬ್ಯಾಗು ಕದ್ದನೆಂದು ಹಿಡಿದು, ಮನೆಯವರ ಹತ್ತಿರ 3,000 ಡಾಲರ್ ಜಾಮೀನು ಹಣ ಇಲ್ಲವೆಂದು ರೈಕರ್ಸ್ ದ್ವೀಪದ ಜೈಲಿಗೆ ಹಾಕಿ, ಮೂರು ವರ್ಷದ ಮೇಲೆ ಕೇಸನ್ನೇ ಕೈಬಿಟ್ಟರು. ಹುಡುಗ 2015ರಲ್ಲಿ ಪ್ರಾಣ ಕಳೆದುಕೊಂಡ. ಆ ಹೆಸರು ಬಂದರೆ ಆಂಟಿ ಈಗಲೂ ಮಾತು ನಿಲ್ಲಿಸುತ್ತಾರೆ. 2020ರ ಜನವರಿಯಿಂದ ಸಣ್ಣಪುಟ್ಟ ಕೇಸುಗಳಲ್ಲಿ ಹೆಚ್ಚಿನವಕ್ಕೆ ಹಣದ ಜಾಮೀನು ತೆಗೆದರು, ಆಮೇಲೆ ಗಲಾಟೆಯಾಗಿ ಆ ಕಾಯ್ದೆಗೆ ಮತ್ತೆ ಮತ್ತೆ ತಿದ್ದುಪಡಿ ತಂದರು.

ಆದರೆ ಈ ಫೋನ್ ಮಾಡುವ ಪದ್ಧತಿ ಹುಟ್ಟಿದ್ದೂ ಇದೇ ಊರಿನಲ್ಲಿ. 1961ರಲ್ಲಿ ಲೂಯಿ ಶ್ವೈಟ್ಜರ್ ಎಂಬ ಸಿರಿವಂತರೂ ಹರ್ಬರ್ಟ್ ಸ್ಟರ್ಜ್ ಎಂಬ ಯುವಕರೂ ಸೇರಿ ಮ್ಯಾನ್‌ಹಟನ್ ಜಾಮೀನು ಯೋಜನೆ ಶುರುಮಾಡಿದರು. ಕಾನೂನು ವಿದ್ಯಾರ್ಥಿಗಳು ಲಾಕಪ್ಪಿಗೆ ಹೋಗಿ ಮನೆ, ಕೆಲಸ, ಬಂಧುಬಳಗ ಎಲ್ಲ ವಿಚಾರಿಸಿ, ಖಾತ್ರಿ ಮಾಡಿಕೊಂಡು ಜಡ್ಜ್‌ಗೆ ಶಿಫಾರಸು ಕೊಟ್ಟರು. ಮೊದಲ ಮೂರು ವರ್ಷದಲ್ಲಿ ಹಾಗೆ ಬರೀ ಮಾತಿನ ಮೇಲೆ ಹೊರಬಂದವರು ಸುಮಾರು 3,500 ಮಂದಿ. ವಾಯಿದೆ ತಪ್ಪಿಸಿದವರು ನೂರಕ್ಕೆ ಇಬ್ಬರೂ ಇಲ್ಲ.

ಅವತ್ತು ರಾತ್ರಿ ನಿದ್ದೆ ಬರದೆ ಓದುತ್ತಾ ಕೂತಾಗ ಗೊತ್ತಾಯಿತು, ಈ ಸುದ್ದಿ ನಮ್ಮೂರಿಗೂ ಎಂದೋ ಬಂದು ಮುಟ್ಟಿದೆ. ಬಿಹಾರದ ಜೈಲುಗಳಲ್ಲಿ ಶಿಕ್ಷೆಯ ಅವಧಿಗಿಂತ ಹೆಚ್ಚು ದಿನ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದವರ ಹುಸೇನಾರಾ ಖಾತೂನ್ ಪ್ರಕರಣದಲ್ಲಿ, 1979ರಲ್ಲಿ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಭಗವತಿಯವರು ಮ್ಯಾನ್‌ಹಟನ್ ಪ್ರಯೋಗದ ಪ್ರಸ್ತಾಪ ಮಾಡಿಯೇ, ಮನುಷ್ಯನ ಬೇರು ಊರಿನಲ್ಲಿ ಎಷ್ಟು ಆಳ ಇದೆ ನೋಡಿ, ದುಡ್ಡು ನೋಡಬೇಡಿ ಎಂಬ ಅರ್ಥದಲ್ಲಿ ಬರೆದರು. ಅದಕ್ಕೆ ಒಂದು ವರ್ಷ ಮುಂಚೆ, ಮೋತಿರಾಮ್ ಎಂಬ ಗಾರೆ ಕೆಲಸದವನಿಗೆ 10,000 ರೂಪಾಯಿಯ ಶೂರಿಟಿ ಕೇಳಿ, ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಅವನ ಅಣ್ಣತಮ್ಮನ ಜಾಮೀನನ್ನೂ ತಳ್ಳಿಹಾಕಿದ್ದಾಗ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸಿಟ್ಟಾಗಿದ್ದರು. ಮಲಯಾಳಿಯೋ ಕನ್ನಡಿಗನೋ ಬಸ್ತರಿನಲ್ಲೋ ಚಾಂದನಿ ಚೌಕದಲ್ಲೋ ಸಿಕ್ಕಿಬಿದ್ದರೆ ಅಲ್ಲಿ ಆಸ್ತಿಯಿರುವ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂದು ಕೇಳಿದ್ದರು. ಇಷ್ಟು ವರ್ಷವಾದರೂ ನಮ್ಮ ಜೈಲುಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನ ಕೈದಿಗಳೇ.

ಕೃಷ್ಣ ಅಯ್ಯರ್ ಬಸ್ತರ್ ಅಂದರು. ಬಸ್ತರ್‌ವರೆಗೆ ಯಾಕೆ ಹೋಗಬೇಕು.

ನಾನು ಪಿಯುಸಿಯಲ್ಲಿದ್ದಾಗ ನಮ್ಮ ತೆಂಗಿನ ತೋಟ ನೋಡಿಕೊಳ್ಳುತ್ತಿದ್ದ ಆಳನ್ನು ಪಕ್ಕದ ತೋಟದ ಪಂಪ್‌ಸೆಟ್ ಮೋಟಾರು ಕದ್ದನೆಂದು ಹಿಡಿದುಕೊಂಡು ಹೋದರು. ಜಾಮೀನೇನೋ ಬೇಗ ಸಿಕ್ಕಿತು. ಶೂರಿಟಿ ಹಾಕುವವರು ಬೇಕಿತ್ತು. ಅವನ ಹೆಂಡತಿ ಬಂದು ನಮ್ಮ ಜಗಲಿಯ ಕೆಳಗೆ ನಿಂತು, “ಮೇಷ್ಟ್ರೇ, ನಿಮ್ಮ ಪಹಣಿ ಒಂದು ಕೊಟ್ರೆ ಸಾಕಂತೆ. ವಕೀಲ್ರು ಅಂದ್ರು” ಎಂದಳು. ಅಪ್ಪ “ನೋಡಾಣ ಹೋಗಮ್ಮ” ಅಂದರು. ಮಾರನೇ ದಿನ ನನ್ನನ್ನೇ ತಾಲ್ಲೂಕು ಕಚೇರಿಯ ಭೂಮಿ ಕೇಂದ್ರಕ್ಕೆ ಕಳಿಸಿ, 15 ರೂಪಾಯಿ ಕೊಟ್ಟು ಪಹಣಿ ತರಿಸಿದರು. ತಂದ ಪಹಣಿಯನ್ನು ಮಡಿಚಿ ಬೀರುವಿನಲ್ಲಿ ಪಂಚಾಂಗದ ಕೆಳಗಿಟ್ಟರು. “ಪಹಣಿ ಮೇಲೆ ಎಂಟ್ರಿ ಬಿದ್ರೆ ನಾಳೆ ಸೊಸೈಟಿ ಸಾಲ ಹುಟ್ಟಲ್ಲ” ಎಂದು ಅಮ್ಮನ ಹತ್ತಿರ ಹೇಳಿದ್ದು ನನಗೆ ಕೇಳಿಸಿತ್ತು. ಅವಳು ಇನ್ನೂ ಮೂರು ಸಲ ಬಂದಳು. ಆಮೇಲೆ ಬರಲಿಲ್ಲ.

ಅಪ್ಪ ಕೆಟ್ಟವರಲ್ಲ. ಅವನ ಮಕ್ಕಳ ಫೀಸು ಅವರೇ ಕಟ್ಟುತ್ತಿದ್ದರು. ಅವನು ಮೋಟಾರು ಕದಿಯುವವನಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದರು. ಕೋರ್ಟಿನಲ್ಲಿ ಮಾತ್ರ ಹೇಳಲಿಲ್ಲ, ಅಲ್ಲಿ ಹೇಳಲು ಬಾಯಿ ಸಾಲುತ್ತಿರಲಿಲ್ಲ, ಎಕರೆ ಬೇಕಿತ್ತು. ಅವನೇ ಅಟ್ಟಕ್ಕೆ ತುಂಬಿಸಿಟ್ಟಿದ್ದ ಕಾಯಿ ಕೊಬ್ಬರಿಯಾಗಿ ಸುಲಿಯುವ ಹೊತ್ತಿಗೆ ಕೇಸು ಬಿದ್ದುಹೋಗಿ ಹೊರಗೆ ಬಂದ. ಮತ್ತೆ ನಮ್ಮ ತೋಟಕ್ಕೇ ಬಂದ. ಜಗಲಿಯಲ್ಲಿ ಕೂತು ಕಾಫಿ ಕುಡಿಯುವುದನ್ನು ಮಾತ್ರ ಬಿಟ್ಟ.

ಇದನ್ನೆಲ್ಲ ಆಂಟಿಗೆ ಹೇಳಿದೆ. ಪಹಣಿ ಎಂದರೇನೆಂದು ವಿವರಿಸುವುದಕ್ಕೇ ಹತ್ತು ನಿಮಿಷ ಹಿಡಿಯಿತು. ಕೇಳಿಸಿಕೊಂಡು, “ನಿಮ್ಮಪ್ಪನಿಗೆ ಯಾರೂ ಫೋನ್ ಮಾಡಲಿಲ್ವಾ?” ಎಂದರು.

“ಯಾರು ಮಾಡಬೇಕಿತ್ತು?”

“ನಮ್ಮಂಥವರು.”

ಅಪ್ಪನ ತಿಥಿಗೆ ಹೋದಾಗ ಬೀರು ಖಾಲಿ ಮಾಡುತ್ತಾ ಆ ಪಹಣಿ ಸಿಕ್ಕಿತ್ತು, ಇಲ್ಲಿಗೂ ತಂದಿದ್ದೇನೆ, ಯಾಕೋ ಗೊತ್ತಿಲ್ಲ. ಮೊನ್ನೆ ತೆಗೆದು ನೋಡಿದೆ. ಮಡಿಕೆಯ ಗೆರೆಯಲ್ಲಿ ಶಾಯಿ ಮಾಸಿದೆ, ಉಳಿದದ್ದು ಚೆನ್ನಾಗಿ ಓದಬಹುದು. ಸರ್ವೆ ನಂಬರು, ವಿಸ್ತೀರ್ಣ, ಬೆಳೆ ತೆಂಗು. ಸಾಗುವಳಿದಾರರ ಹೆಸರು ಎಂಬ ಕಾಲಮ್ಮಿನಲ್ಲಿ ಅಪ್ಪನ ಹೆಸರಿದೆ.