ವಿಯೆನ್ನಾಕ್ಕೆ ಬಂದು ಸ್ಮಶಾನಕ್ಕೇಕೆ ಹೋಗಬೇಕು?

“ಅಷ್ಟು ದೂರದಿಂದ ಬಂದು ಯಾರದೋ ಗೋರಿ ನೋಡುವುದೇನು ಬಂತು?” ವಿಯೆನ್ನಾದಲ್ಲಿ ನೆಲೆಸಿದ ಮೇಲೆ ಊರಿನಿಂದ ಬರುವ ನೆಂಟರು, ಗೆಳೆಯರು ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಇದು. ಷೋನ್‌ಬ್ರುನ್ ಅರಮನೆ ಎಂದರೆ ಎಲ್ಲರೂ ಸಿದ್ಧ. ಸೆಂಟ್ರಲ್‌ಫ್ರೀಡ್‌ಹೋಫ್, ಅಂದರೆ ಇಲ್ಲಿನ ಕೇಂದ್ರ ಸ್ಮಶಾನ, ಎಂದ ಕೂಡಲೇ ಮುಖ ಸಪ್ಪಗಾಗುತ್ತದೆ. ಸಾವಿನ ಮನೆಗೆ ಹೋಗಿ ಬಂದರೂ ತಲೆಗೆ ನೀರು ಹಾಕಿಕೊಳ್ಳುವ ನಮಗೆ ಈ ಹಿಂಜರಿಕೆ ಸಹಜವೇ. ಆದರೂ ಇದೇ ಜನ ಕುಪ್ಪಳಿಗೆ ಹೋದಾಗ ಕವಿಶೈಲದ ಕುವೆಂಪು ಸಮಾಧಿಗೆ ಕೈಮುಗಿಯದೆ ಮರಳುವುದಿಲ್ಲ.

ನನ್ನ ಉತ್ತರ ಇಷ್ಟು: ದೊಡ್ಡವರು ಏನು ಮಾಡಿದರು ಎಂಬುದು ಪುಸ್ತಕದಲ್ಲಿ, ಸಂಗೀತ ಕಛೇರಿಯಲ್ಲಿ, ಮ್ಯೂಸಿಯಂನಲ್ಲಿ ಸಿಗುತ್ತದೆ. ಅವರಿಗೆ ಅವರ ಊರು ಏನು ಮಾಡಿತು ಎಂದು ತಿಳಿಯಬೇಕಾದರೆ ಸಮಾಧಿಯ ಬಳಿಗೇ ಹೋಗಬೇಕು.

ಸಂಗೀತ ರಚನೆಕಾರ ಮೊಜಾರ್ಟ್‌ನನ್ನೇ ನೋಡಿ. 1791ರ ಡಿಸೆಂಬರ್ 5ರಂದು ತೀರಿಕೊಂಡ ಅವನನ್ನು ಅಂದಿನ ಊರಾಚೆಯ ಸೇಂಟ್ ಮಾರ್ಕ್ಸ್ ಸ್ಮಶಾನದಲ್ಲಿ ಹೂಳಿದರು. ಭಿಕ್ಷುಕನಂತೆ ಎಸೆದರು ಎಂಬ ಕಥೆ ಪ್ರಚಾರದಲ್ಲಿದೆ, ಅದು ನಿಜವಲ್ಲ. ಶವಸಂಸ್ಕಾರ ಊರ ಹೊರಗೆ, ಆಡಂಬರವಿಲ್ಲದೆ ನಡೆಯಬೇಕೆಂಬುದು ಚಕ್ರವರ್ತಿ ಎರಡನೇ ಜೋಸೆಫನ ಸುಧಾರಣೆ. ಸಾಮಾನ್ಯರ ಸಮಾಧಿಗೆ ಕಲ್ಲು ನೆಡುತ್ತಿರಲಿಲ್ಲ, ಕೆಲವು ವರ್ಷಗಳ ನಂತರ ಅದೇ ಜಾಗದಲ್ಲಿ ಬೇರೆಯವರನ್ನು ಹೂಳುತ್ತಿದ್ದರು. ಹೀಗಾಗಿ ಜಾಗದ ಗುರುತೇ ಅಳಿಸಿಹೋಯಿತು. 1859ರಲ್ಲಿ ಅಂದಾಜಿನ ಮೇಲೆ ಒಂದು ಸ್ಮಾರಕ ನಿಲ್ಲಿಸಿದರು. ಅವನು ತೀರಿಕೊಂಡು ನೂರು ವರ್ಷವಾದಾಗ ಅದನ್ನೂ ಕೇಂದ್ರ ಸ್ಮಶಾನಕ್ಕೆ ಸಾಗಿಸಿದರು. ಈಗ ಸೇಂಟ್ ಮಾರ್ಕ್ಸ್‌ನಲ್ಲಿರುವುದು ಮುರಿದ ಕಂಬಕ್ಕೆ ಒರಗಿ ಶೋಕಿಸುವ ಪುಟ್ಟ ದೇವದೂತ. ಮಗುವಿನಷ್ಟೇ ಎತ್ತರದ ಆ ಕಲ್ಲಿನ ಮುಂದೆ ನಿಂತಾಗಲೆಲ್ಲ, ಮೂವತ್ತೈದಕ್ಕೇ ಹೋದವನ ನೆನಪಿಗೆ ಇದೇ ಸರಿಯಾದದ್ದು ಎನ್ನಿಸುತ್ತದೆ. ವಸಂತದಲ್ಲಿ ಸುತ್ತಲೂ ಲೈಲಾಕ್ ಅರಳುತ್ತದೆ. ಆಗಲೇ ಹೋಗಿ.

ಕೇಂದ್ರ ಸ್ಮಶಾನದ ಕಥೆ ಬೇರೆ. ಸುಮಾರು ಎರಡೂವರೆ ಚದರ ಕಿಲೋಮೀಟರಿನ ಈ ಜಾಗ ತೆರೆದದ್ದು 1874ರಲ್ಲಿ. ಊರಿಂದ ದೂರವೆಂದು ಜನ ಮೂಗುಮುರಿದರು. ಅವರನ್ನು ಸೆಳೆಯಲು ನಗರಾಡಳಿತ ಪ್ರಸಿದ್ಧರಿಗಾಗಿ ಗೌರವ ಸಮಾಧಿಗಳನ್ನು ಏರ್ಪಡಿಸಿತು. 1888ರಲ್ಲಿ ಸಂಗೀತ ರಚನೆಕಾರರಾದ ಬೀಥೋವನ್ ಮತ್ತು ಶೂಬರ್ಟ್ ಇಬ್ಬರ ಅವಶೇಷಗಳನ್ನೂ ವೇರಿಂಗ್‌ನ ಹಳೆಯ ಸ್ಮಶಾನದಿಂದ ತೆಗೆದು ಇಲ್ಲಿಗೆ ತಂದಿತು. ಉದ್ದೇಶ ವ್ಯಾವಹಾರಿಕವೇ ಇರಬಹುದು, ಆದರೆ ಇಬ್ಬರನ್ನೂ ಅಗಲಿಸಲಿಲ್ಲವಲ್ಲ ಎಂಬುದು ನನಗೆ ದೊಡ್ಡ ಸಮಾಧಾನ. 1827ರಲ್ಲಿ ಬೀಥೋವನ್ ಅಂತ್ಯಯಾತ್ರೆಯಲ್ಲಿ ಪಂಜು ಹಿಡಿದು ನಡೆದವರಲ್ಲಿ ಶೂಬರ್ಟ್ ಒಬ್ಬ. ಮರುವರ್ಷ ತಾನೇ ತೀರಿಕೊಂಡಾಗ ಅವನನ್ನು ಬೀಥೋವನ್ ಸಮೀಪದಲ್ಲೇ ಮಣ್ಣುಮಾಡಿದ್ದರು. ಇಂದಿಗೂ ಮೊಜಾರ್ಟ್ ಸ್ಮಾರಕದ ಆಚೆಈಚೆ ಇಬ್ಬರೂ ಇದ್ದಾರೆ. ಬೀಥೋವನ್ ಕಲ್ಲಿನ ಮೇಲೆ ಹೊಗಳಿಕೆಯಿಲ್ಲ, ಇಸವಿಯಿಲ್ಲ. ಚಿನ್ನದ ಬಣ್ಣದ ಲೈರ್ ವಾದ್ಯ, ಕೆಳಗೆ ಅವನ ಹೆಸರು.

ಬ್ರಾಮ್ಸ್, ಯೋಹಾನ್ ಸ್ಟ್ರಾಸ್ ಕೂಡ ಅಲ್ಲೇ ಪಕ್ಕದಲ್ಲಿ. ಅವರ ಬಳಿ ಜನ ಯಾವಾಗಲೂ ಇರುತ್ತಾರೆ. ನಾನು ಕರೆದೊಯ್ದವರನ್ನು ಹೆಚ್ಚು ಹೊತ್ತು ನಿಲ್ಲಿಸುವುದು ಭೌತವಿಜ್ಞಾನಿ ಲುಡ್‌ವಿಗ್ ಬೋಲ್ಟ್ಸ್‌ಮನ್ ಎದುರು. ಬಿಳಿ ಅಮೃತಶಿಲೆಯ ಗಡ್ಡದ ಮುಖ, ತಲೆಯ ಮೇಲ್ಗಡೆ ಕೊರೆದ ಒಂದು ಸಮೀಕರಣ: ಎಸ್ = ಕೆ ಲಾಗ್ ಡಬ್ಲ್ಯೂ. ಎಂಟ್ರೊಪಿಯನ್ನು, ಅಂದರೆ ಅಸ್ತವ್ಯಸ್ತತೆಯ ಅಳತೆಯನ್ನು, ಕಣಗಳ ಸಂಭವನೀಯ ಜೋಡಣೆಗಳ ಸಂಖ್ಯೆಯೊಂದಿಗೆ ಬೆಸೆಯುವ ಸೂತ್ರ ಅದು. ಪರಮಾಣುಗಳಿವೆ ಎಂಬುದನ್ನೇ ಎರ್ನ್ಸ್ಟ್ ಮಾಖ್‌ನಂಥ ವಿಜ್ಞಾನಿಗಳು ಒಪ್ಪದ ಕಾಲದಲ್ಲಿ ಆತ ಅವುಗಳ ಪರವಾಗಿ ವಾದಿಸಿದ. ಖಿನ್ನತೆಯಿಂದ ನರಳಿ 1906ರಲ್ಲಿ ಪ್ರಾಣ ಕಳೆದುಕೊಂಡ. ಕೆಲವೇ ವರ್ಷಗಳಲ್ಲಿ ಪ್ರಯೋಗಗಳು ಪರಮಾಣುಗಳನ್ನು ಸಂದೇಹಕ್ಕೆಡೆಯಿಲ್ಲದಂತೆ ಸ್ಥಾಪಿಸಿದವು. ಆ ‘ಕೆ’ ಇಂದು ಅವನ ಹೆಸರಿನ ಸ್ಥಿರಾಂಕ. ನಮ್ಮ ಪಿಯುಸಿ ಮಕ್ಕಳಿಗೂ ಗೊತ್ತು. ಭೌತಶಾಸ್ತ್ರ ಓದಿದವರು ಇಲ್ಲಿ ಮಾತು ನಿಲ್ಲಿಸುವುದನ್ನು ಕಂಡಿದ್ದೇನೆ.

ಇಷ್ಟು ನೋಡಿ ಹಿಂತಿರುಗಬೇಡಿ. ಗೌರವ ಸಮಾಧಿಗಳಿರುವುದು ಎರಡನೇ ದ್ವಾರದ ಒಳಗೆ. ಒಂದನೇ ದ್ವಾರದ ಒಳಗಿರುವುದು ಹಳೆಯ ಯೆಹೂದಿ ಸ್ಮಶಾನ. ಲೇಖಕ ಆರ್ಥರ್ ಷ್ನಿಟ್ಸ್‌ಲರ್ ಮಲಗಿರುವುದು ಅಲ್ಲಿ. ಆದರೆ ಅವನ ಸುತ್ತ ಬಹುಪಾಲು ಕಲ್ಲುಗಳನ್ನು ಐವಿ ಬಳ್ಳಿ ಮುಚ್ಚಿದೆ, ಹಲವು ವಾಲಿವೆ, ಕೆಲವು ಉರುಳಿವೆ. ವಾರಸುದಾರರ ಅಸಡ್ಡೆ ಎಂದು ಭಾವಿಸಬೇಡಿ. ನೋಡಿಕೊಳ್ಳಬೇಕಾದ ಮಕ್ಕಳು ಮೊಮ್ಮಕ್ಕಳನ್ನು 1938ರಲ್ಲಿ ನಾಜಿಗಳು ಆಸ್ಟ್ರಿಯವನ್ನು ವಶಪಡಿಸಿಕೊಂಡ ನಂತರ ದೇಶದಿಂದ ಓಡಿಸಿದರು, ಇಲ್ಲವೇ ಕೊಂದರು. ನಾಜಿಗಳು ಕೊಂದ ಆಸ್ಟ್ರಿಯದ ಯೆಹೂದಿಗಳು ಸುಮಾರು 65,000. ಚಿನ್ನದ ಲೈರ್ ಹೊಳೆಯುವಂತೆ ಕಾಪಾಡುವ ಇದೇ ಊರಿನಲ್ಲಿ ಅದೂ ನಡೆಯಿತು. ಎರಡನ್ನೂ ನೋಡದವರು ವಿಯೆನ್ನಾ ನೋಡಿದ್ದೇನೆ ಎಂದರೆ ನಾನು ಒಪ್ಪುವುದಿಲ್ಲ.

ಹೋಗುವುದು ಸುಲಭ. ನಗರದ ಮಧ್ಯದಿಂದ 71ನೇ ನಂಬರಿನ ಟ್ರ್ಯಾಮ್ ಹಿಡಿಯಿರಿ. ಯಾರಾದರೂ ತೀರಿಕೊಂಡರೆ ‘71 ಹತ್ತಿದರು’ ಎನ್ನುವುದು ಇಲ್ಲಿನ ರೂಢಿ. ಸೇಂಟ್ ಮಾರ್ಕ್ಸ್ ಅದೇ ದಾರಿಯಲ್ಲಿದೆ, ಮೊದಲು ಅಲ್ಲಿ ಇಳಿಯಿರಿ. ಅರ್ಧ ದಿನವಾದರೂ ಕೈಯಲ್ಲಿರಲಿ. ಯೆಹೂದಿ ಸಮಾಧಿಗಳ ಮೇಲೆ ಹೂವಿನ ಬದಲು ಸಣ್ಣ ಕಲ್ಲು ಇಡುವುದು ಪದ್ಧತಿ. ಊರಿಗೆ ಮರಳಿ ಸ್ನಾನ ಮಾಡುವವರು ಮಾಡಲಿ, ನನ್ನದೇನೂ ತಕರಾರಿಲ್ಲ.