2018ರ ಡ್ರಾಫ್ಟ್ ಮರುವೀಕ್ಷಣೆ: ಜಾಶ್ ಆಲನ್ ಕಡತದ ಪ್ರಗತಿ

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ 2018ರ ಡ್ರಾಫ್ಟ್‌ನ (ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆ) ಮೊದಲ ಸುತ್ತಿನಲ್ಲಿ ಆಯ್ಕೆಯಾದ ಐವರು ಕ್ವಾರ್ಟರ್‌ಬ್ಯಾಕ್‌ಗಳ, ಅಂದರೆ ದಾಳಿ ಮುನ್ನಡೆಸಿ ಪಾಸ್ ಎಸೆಯುವ ಆಟಗಾರರ, ಕಾಲೇಜು ಪಂದ್ಯಗಳನ್ನು ಮತ್ತೆ ನೋಡಿ, ಎಸೆತ ಎಸೆತವನ್ನೂ ದಾಖಲಿಸುವ ನಮ್ಮ ಹವ್ಯಾಸಿ ಯೋಜನೆಯಲ್ಲಿ ವಯೋಮಿಂಗ್ ವಿಶ್ವವಿದ್ಯಾಲಯದ ಜಾಶ್ ಆಲನ್ ಅವರ ಕಡತ ಮುಗಿಯುವ ಹಂತಕ್ಕೆ ಬಂದಿದೆ. ಆ ವರ್ಷದ ಏಪ್ರಿಲ್ 26ಕ್ಕೆ, ಅಂದರೆ ಡ್ರಾಫ್ಟ್ ಆರಂಭವಾದ ದಿನಕ್ಕೆ, ಅಭಿಮಾನಿಗಳ ಕೈಯಲ್ಲಿ ಏನಿತ್ತೋ ಅಷ್ಟನ್ನೇ ಆಧರಿಸಿ ಬರೆಯಬೇಕೆಂಬುದು ನಮ್ಮ ನಿಯಮ. ಆಲನ್ ಮುಂದೆ ಬಫಲೋ ಬಿಲ್ಸ್ ತಂಡದಲ್ಲಿ ಬೆಳೆದು 2024ರ ಋತುವಿನ ಅತ್ಯಮೂಲ್ಯ ಆಟಗಾರನಾದದ್ದು ಎಲ್ಲರಿಗೂ ತಿಳಿದಿರುವಾಗ ಈ ನಿಯಮವನ್ನು ಪಾಲಿಸುವುದು ಸುಲಭವಲ್ಲ.

ಅಂದಿನ ವಾದವೆಲ್ಲ ಒಂದೇ ಅಂಕಿಯ ಸುತ್ತ ತಿರುಗುತ್ತಿತ್ತು. ವಯೋಮಿಂಗ್‌ನಲ್ಲಿ ಆಲನ್ ಎಸೆದ ಪಾಸ್‌ಗಳಲ್ಲಿ ಗುರಿ ಮುಟ್ಟಿದ್ದು ಶೇ 56.2 ಮಾತ್ರ, ಅದೇ 2017ರಲ್ಲಿ ಒಕ್ಲಹೋಮ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಬೇಕರ್ ಮೇಫೀಲ್ಡ್ ಶೇ 70ನ್ನು ದಾಟಿದ್ದರು. ನಿಖರತೆ ಇಲ್ಲದ ಕೈಗೆ ಎಷ್ಟು ಬಲವಿದ್ದರೇನು ಎಂದು ಒಂದು ಗುಂಪು ಕೇಳುತ್ತಿದ್ದರೆ, ಆರೂಕಾಲು ಅಡಿಯನ್ನು ಮೀರಿದ ಎತ್ತರ, ಹತ್ತು ಅಂಗುಲಕ್ಕೂ ದೊಡ್ಡದಾದ ಅಂಗೈ ಮತ್ತು ಓಡುತ್ತಲೇ ಐವತ್ತು ಯಾರ್ಡ್ ದೂರಕ್ಕೆ ಚೆಂಡು ಎಸೆಯುವ ತಾಕತ್ತನ್ನು ಇನ್ನೊಂದು ಗುಂಪು ಮುಂದಿಡುತ್ತಿತ್ತು. ಎರಡೂ ಗುಂಪುಗಳು ಆ ಶೇಕಡಾವಾರನ್ನು ಬಿಡಿಸಿ ನೋಡಲಿಲ್ಲ ಎಂಬುದು ನನ್ನ ತಕರಾರು. ಪಿಚ್ ಯಾವುದು, ಬೌಲರ್ ಯಾರು ಎಂದು ಕೇಳದೆ ಬ್ಯಾಟ್ಸ್‌ಮನ್‌ನ ಸರಾಸರಿಯೊಂದನ್ನೇ ಹಿಡಿದು ತೀರ್ಪು ಕೊಡುವಂತಿತ್ತು ಆ ಚರ್ಚೆ.

2017ರ ಮೂರು ಪಂದ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಇದು ಸ್ಪಷ್ಟವಾಯಿತು. ಐಯೊವಾ ವಿರುದ್ಧ ಆಲನ್ 40 ಪಾಸ್‌ಗಳಲ್ಲಿ 23ನ್ನು ಮುಟ್ಟಿಸಿದರು. ಶೇಕಡಾವಾರು 57.5, ಅಂದರೆ ಅವರ ಒಟ್ಟು ಸರಾಸರಿಗಿಂತ ಮೇಲು. ಆದರೆ ಅವುಗಳಿಂದ ತಂಡ ಮುಂದೆ ಸಾಗಿದ್ದು 174 ಯಾರ್ಡ್, ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು) ಒಂದೂ ಇಲ್ಲ, ಎರಡು ಇಂಟರ್‌ಸೆಪ್ಷನ್ (ಎದುರಾಳಿಯ ಕೈಸೇರಿದ ಪಾಸ್). ವಯೋಮಿಂಗ್ 24–3ರಿಂದ ಸೋತಿತು. ಋತುವಿನ ಕೊನೆಯಲ್ಲಿ, ಭುಜದ ಗಾಯದಿಂದ ಚೇತರಿಸಿಕೊಂಡು ಬಂದು ಸೆಂಟ್ರಲ್ ಮಿಷಿಗನ್ ವಿರುದ್ಧ ಆಡಿದ ಬೌಲ್ ಪಂದ್ಯದಲ್ಲಿ (ಋತುವಿನ ನಂತರದ ವಿಶೇಷ ಪಂದ್ಯ) 19ರಲ್ಲಿ 11 ಪಾಸ್‌ಗಳು ಮುಟ್ಟಿದವು. ಶೇಕಡಾವಾರು ಹೆಚ್ಚುಕಡಿಮೆ ಅಷ್ಟೇ, ಆದರೆ ಯಾರ್ಡ್ 154, ಟಚ್‌ಡೌನ್ ಮೂರು, ಗೆಲುವು 37–14. ಇವೆರಡರ ನಡುವೆ ಒರೆಗನ್ ವಿರುದ್ಧ 24ರಲ್ಲಿ 9 ಪಾಸ್ ಮತ್ತು 64 ಯಾರ್ಡ್‌ಗಳ ಪಂದ್ಯವಿದೆ. ಅದಕ್ಕೆ ಯಾವ ಸಮಜಾಯಿಷಿಯೂ ಸಾಲದು.

ಹೀಗಾಗಿ ನಮ್ಮ ಹಾಳೆಯಲ್ಲಿ ‘ಮುಟ್ಟಿತು’, ‘ಮುಟ್ಟಲಿಲ್ಲ’ ಎಂಬ ಎರಡು ಕಲಂಗಳ ಬದಲು ಈಗ ಎಸೆತದ ದೂರ, ನಿರ್ಧಾರ, ಮೈಮೇಲೆ ಬಂದ ಒತ್ತಡ, ರಿಸೀವರ್ (ಪಾಸ್ ಹಿಡಿಯುವ ಆಟಗಾರ) ಕೈಬಿಟ್ಟ ಚೆಂಡು ಮತ್ತು ಮುಂಗಾಲಿನ ಸ್ಥಿತಿ ಎಂಬ ಕಲಂಗಳಿವೆ. ಹೆಚ್ಚು ಸಮಯ ತಿಂದದ್ದೂ ಹೆಚ್ಚು ಕಲಿಸಿದ್ದೂ ಈ ಕೊನೆಯದೇ. ಚೆಂಡು ಕೈಬಿಡುವ ಚೌಕಟ್ಟಿನಲ್ಲಿ ವಿಡಿಯೊ ನಿಲ್ಲಿಸಿ ನೋಡಿದರೆ, ಹತ್ತು ಯಾರ್ಡ್‌ನೊಳಗಿನ ಸರಳ ಪಾಸ್‌ನಲ್ಲೂ ಆಲನ್ ಅವರ ಎಡಗಾಲು ಅಗತ್ಯಕ್ಕಿಂತ ಮುಂದೆ ಚಾಚಿಕೊಂಡಿರುತ್ತದೆ, ಸೊಂಟ ಪೂರ್ತಿ ತಿರುಗಿರುವುದಿಲ್ಲ, ಚೆಂಡು ರಿಸೀವರ್‌ನ ಹೆಲ್ಮೆಟ್ ಮೇಲಿಂದ ಹಾರಿಹೋಗುತ್ತದೆ. ಪಾದ ಸರಿಯಾಗಿ ಊರಿದ ಎಸೆತಗಳಲ್ಲಿ ಅದೇ ಕೈ ಚೆಂಡನ್ನು ಎದೆಯ ಮಟ್ಟಕ್ಕೇ ತಲುಪಿಸುತ್ತದೆ. ದೋಷ ಕಣ್ಣಿನದ್ದಲ್ಲ, ಕಾಲಿನದ್ದು ಎಂದು ಹೇಳಲು ಇಷ್ಟು ಆಧಾರ ಸಾಕೆಂದು ನನಗನ್ನಿಸುತ್ತದೆ. ಆದರೆ ಕಾಲಿನ ದೋಷವನ್ನು ತಿದ್ದಬಹುದೇ ಎಂಬ ಪ್ರಶ್ನೆಗೆ ಯಾವ ವಿಡಿಯೊದಲ್ಲೂ ಉತ್ತರವಿಲ್ಲ. ಆಲನ್ ಬೇಡ ಎಂದ ಅಭಿಮಾನಿಗಳನ್ನು ಇಂದು ಗೇಲಿ ಮಾಡುವುದು ಅನ್ಯಾಯ. ಬಿಲ್ಸ್ ತಂಡದಲ್ಲಿ ಮೊದಲ ವರ್ಷ ಅವರ ಶೇಕಡಾವಾರು 52.8ಕ್ಕೆ ಇಳಿದಿತ್ತು.

ಸುತ್ತಲಿನ ತಂಡದ ವಿಚಾರವನ್ನೂ ಪ್ರತ್ಯೇಕವಾಗಿ ಬರೆದಿಟ್ಟಿದ್ದೇವೆ. 2016ರ ಋತು ಮುಗಿದ ಮೇಲೆ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಬ್ರಯನ್ ಹಿಲ್, ರಿಸೀವರ್ ಟ್ಯಾನರ್ ಜೆಂಟ್ರಿ, ಪಾಸ್ ಹಿಡಿಯುವ ಮತ್ತು ಎದುರಾಳಿಯನ್ನು ತಡೆಯುವ ಟೈಟ್ ಎಂಡ್ ಜೇಕಬ್ ಹಾಲಿಸ್ಟರ್ ಮತ್ತು ಕ್ವಾರ್ಟರ್‌ಬ್ಯಾಕ್‌ಗೆ ಚೆಂಡು ಕೊಡುವ ಸೆಂಟರ್ ಚೇಸ್ ರೂಲಿಯರ್ ಒಟ್ಟಿಗೇ ಹೊರಟುಹೋದರು. ಆಲನ್ ಪಾಸ್‌ಗಳಿಂದ ಋತುವಿಗೆ ಗಳಿಸಿದ ಯಾರ್ಡ್‌ಗಳು 3,203ರಿಂದ 1,812ಕ್ಕೆ ಕುಸಿದದ್ದರಲ್ಲಿ ಗಾಯದ ಜೊತೆಗೆ ಇದರ ಪಾಲೂ ಇದೆ. ಹಾಗೆಂದು ಸಹಆಟಗಾರರ ಕೊರತೆಯೇ ಎಲ್ಲಕ್ಕೂ ಕಾರಣವೆನ್ನುವಂತಿಲ್ಲ: ಅವರೆಲ್ಲ ಇದ್ದ 2016ರಲ್ಲೇ ನೆಬ್ರಾಸ್ಕ ವಿರುದ್ಧ ಅವರು ಐದು ಇಂಟರ್‌ಸೆಪ್ಷನ್ ಎಸೆದಿದ್ದರು.

ಬಾಕಿಯಿರುವ ತೊಡಕು ಕ್ಯಾಮೆರಾದ್ದು. ನಮಗೆ ಸಿಗುವುದು ಟಿವಿ ಪ್ರಸಾರದ ದೃಶ್ಯ. ದೂರಕ್ಕೆ ಓಡಿದ ರಿಸೀವರ್ ಚೌಕಟ್ಟಿನಿಂದಾಚೆ ಉಳಿಯುವುದರಿಂದ, ಕ್ವಾರ್ಟರ್‌ಬ್ಯಾಕ್ ಸರಿಯಾದ ಆಯ್ಕೆ ಮಾಡಿದನೇ ಎಂದು ಹಲವು ಎಸೆತಗಳಲ್ಲಿ ಹೇಳಲಾಗುವುದಿಲ್ಲ. ಅಂಥ ಕಡೆ ‘ನಿರ್ಧಾರ’ ಕಲಂ ಅನ್ನು ಖಾಲಿ ಬಿಡುತ್ತಿದ್ದೇವೆ, ಊಹಿಸಿ ತುಂಬುತ್ತಿಲ್ಲ.

ಮುಂದಿನ ಸರದಿ ಯುಸಿಎಲ್‌ಎ ವಿಶ್ವವಿದ್ಯಾಲಯದ ಜಾಶ್ ರೋಸನ್ ಅವರದ್ದು. 2017ರ ಸೆಪ್ಟೆಂಬರ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ವಿರುದ್ಧ 44–10ರ ಹಿನ್ನಡೆಯಿಂದ ಎದ್ದು 45–44ರಿಂದ ಗೆದ್ದ ಪಂದ್ಯದಿಂದಲೇ ಆರಂಭಿಸುತ್ತೇವೆ. ಪಾದಗಳ ಅಚ್ಚುಕಟ್ಟಿಗೆ ಹೆಸರಾಗಿದ್ದ ಆಟಗಾರ ಅವರು. ಆದ್ದರಿಂದ ಮುಂಗಾಲಿನ ಕಲಂ ಅನ್ನು ನಾವು ಇಬ್ಬರು ಬೇರೆ ಬೇರೆಯಾಗಿ ತುಂಬಿ, ಆಮೇಲೆ ಹೋಲಿಸಲಿದ್ದೇವೆ.