ನಲವತ್ತರೊಳಗೆ ಅವರ ಕಣ್ಣೆಷ್ಟು

ಮಂಗಳವಾರ ಮಧ್ಯಾಹ್ನ ಧಾರವಾಡದ ಸಪ್ತಾಪುರದ ನಮ್ಮ ಮನೆಗೆ ಹೊಲಿದ ಬಟ್ಟೆ ಕೊಡಲು ಬಂದಿದ್ದ ಬಾಯಾರು, ಚಹಾ ಆರುವವರೆಗೆ ಸುಮ್ಮನೆ ಕೂರಲಾರದೆ, ನಾನು ಗೋಡೆಗೆ ಅಂಟಿಸಿದ್ದ ಹಾಳೆಯನ್ನು ಕಣ್ಣು ಕಿರಿದು ಮಾಡಿಕೊಂಡು ಓದತೊಡಗಿದರು. ಅದರ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ‘ಜುಲೈ 40’ ಎಂದು ಬರೆದು, ಅಡಿಯಲ್ಲಿ ಎರಡು ಗೆರೆ ಎಳೆದಿದ್ದೆ. ನಲವತ್ತು ಅಂದರೇನು ಎಂದು ಕೇಳಿದರು. ಮುಂದಿನ ತಿಂಗಳು ಇನ್‌ಸ್ಟಾಗ್ರಾಂ, ವಾಟ್ಸಾಪ್‌ಗಳಲ್ಲಿ ನಲವತ್ತು ಕಸೂತಿ ಕುಪ್ಪಸ ಮಾರುವ ಗುರಿ ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ, “ಆ ನಲವತ್ತರಾಗ ನನ್ನ ಕಣ್ಣು ಎಷ್ಟವಾ?” ಎಂದರು.

ಅದರಲ್ಲಿ ಕೊಂಕಿರಲಿಲ್ಲ, ದೂರೂ ಇರಲಿಲ್ಲ; ತಿಂಗಳ ಕೊನೆಗೆ ಹಾಲಿನ ಲೆಕ್ಕ ಕೇಳುವವರ ಧ್ವನಿ ಅದು. ನಾನು ನಕ್ಕುಬಿಟ್ಟೆ. ಅವರೂ ನಕ್ಕು, ಚಹಾ ಕುಡಿದು, ಮುಂದಿನ ಬಟ್ಟೆಯ ಗಂಟು ಎತ್ತಿಕೊಂಡು ಮಾಳಮಡ್ಡಿಗೆ ಹೊರಟುಹೋದರು.

ಆ ನಲವತ್ತು ಹುಟ್ಟಿದ್ದು ನನ್ನ ತಮ್ಮನ ತಲೆಯಲ್ಲಿ. ಹುಬ್ಬಳ್ಳಿಯಲ್ಲಿ ಸಾಲ ಕೊಡುವ ಒಂದು ಖಾಸಗಿ ಕಂಪನಿಯಲ್ಲಿ ಅವನಿಗೆ ಕೆಲಸ. ಪ್ರತಿ ತಿಂಗಳ 28ಕ್ಕೆ ಅವನ ಮುಖ ಜ್ವರ ಬಂದವರಂತಾಗಿ, ಒಂದನೇ ತಾರೀಖಿಗೆ ತಾನಾಗಿಯೇ ಗುಣವಾಗುತ್ತದೆ. ಒಳ್ಳೆಯ ಹುಡುಗ, ಆದರೆ ಸಂಖ್ಯೆಯನ್ನು ಹೆಚ್ಚಿಸಿದರೆ ಅರ್ಧ ಕೆಲಸ ಮುಗಿದಂತೆ ಎಂದು ನಂಬಿರುವ ಜಾತಿಯವನು. ಹೋದ ಭಾನುವಾರ ಚಿಗರಿ ಬಸ್ಸು ಹತ್ತಿ ಊಟಕ್ಕೆ ಬಂದವನು, ಕಳೆದ ಜುಲೈಯಲ್ಲಿ ನಾನು 26 ಕುಪ್ಪಸ ಮಾರಿದ್ದನ್ನು ತಿಳಿದುಕೊಂಡು, ಅದಕ್ಕೆ ಅರ್ಧ ಸೇರಿಸಿದರೆ 39, ಗುಂಡಾಗಿ ನಲವತ್ತು ಎಂದು ತೀರ್ಪು ಕೊಟ್ಟ. ಗುರಿ ಅಳೆಯುವಂತಿರಬೇಕು, ಅದಕ್ಕೊಂದು ಗಡುವು ಇರಬೇಕು, ದಿನಾ ಕಣ್ಣಿಗೆ ಬೀಳುವಂತೆ ಗೋಡೆಯ ಮೇಲಿರಬೇಕು ಎಂದೂ ಹೇಳಿಕೊಟ್ಟ. ಗೋಡೆಯ ಮೇಲಿದ್ದುದರಿಂದಲೇ ಅದು ಬಾಯಾರ ಕಣ್ಣಿಗೆ ಬಿದ್ದದ್ದು. ಆ ಮಟ್ಟಿಗೆ ಅವನಿಗೆ ನಾನು ಋಣಿ.

ರಾತ್ರಿ ಪಾತ್ರೆ ತೊಳೆಯುವಾಗ ಅದೇ ಮಾತು ಮರಳಿ ಬಂತು. ಆ ನಲವತ್ತರಾಗ ನನ್ನ ಕಣ್ಣು ಎಷ್ಟವಾ? ಕೈ ಒರೆಸಿಕೊಂಡು ಲೆಕ್ಕಕ್ಕೆ ಕುಳಿತೆ. ನನಗೆ ಹೊಲಿದುಕೊಡುವವರು ಆರು ಹೆಂಗಸರು. ಮನೆಗೆಲಸ ಮುಗಿಸಿ ಒಬ್ಬೊಬ್ಬರೂ ಸೂಜಿ ಹಿಡಿಯುವುದು ದಿನಕ್ಕೆ ಮೂರು ಗಂಟೆ, ತಿಂಗಳಿಗೆ ಇಪ್ಪತ್ತೈದು ದಿನವೆಂದರೆ ಒಟ್ಟು 450 ಗಂಟೆ. ಎರಡೂ ತೋಳಿಗೆ ಗೋಪುರದ ಸಾಲು, ಬೆನ್ನಿಗೊಂದು ತೇರು ಬರುವ ಕುಪ್ಪಸಕ್ಕೆ 24 ಗಂಟೆ ಹಿಡಿಯುತ್ತದೆ. ಭಾಗಿಸಿದರೆ ಹದಿನೆಂಟು ಕುಪ್ಪಸ, ಹತ್ತೊಂಬತ್ತನೆಯದು ಮುಕ್ಕಾಲು. ಕಳೆದ ಜುಲೈಯ 26ರಲ್ಲಿ ಎಂಟೋ ಹತ್ತೋ ಬೇಸಿಗೆಯಲ್ಲಿ ಹೊಲಿದು ಪೆಟ್ಟಿಗೆಯಲ್ಲಿಟ್ಟಿದ್ದವು ಎಂಬುದು ಆಗಲೇ ನೆನಪಾದದ್ದು. ಈ ವರ್ಷ ಆ ಪೆಟ್ಟಿಗೆ ಖಾಲಿಯಿದೆ. ಮೂರು ವರ್ಷದಿಂದ ಈ ವ್ಯಾಪಾರ ನಡೆಸುತ್ತಿರುವ ನಾನು ಇಷ್ಟು ಚಿಕ್ಕ ಭಾಗಾಕಾರವನ್ನು ಒಮ್ಮೆಯೂ ಮಾಡಿರಲಿಲ್ಲ. ಇನ್ನೊಂದು ಭಾಗಾಕಾರವನ್ನೂ ಆ ರಾತ್ರಿಯೇ ಮಾಡಿದೆ: ಒಂದು ಕುಪ್ಪಸಕ್ಕೆ ನಾನು ಕೊಡುವ ಮಜೂರಿ 1,400 ರೂಪಾಯಿ, ಅಂದರೆ ಗಂಟೆಗೆ 58. ಆ ಸಂಖ್ಯೆಯನ್ನು ಯಾವ ಗೋಡೆಗೂ ಅಂಟಿಸಿಲ್ಲ.

ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚಬೇಕು. ಗವಂತಿ ಎಂಬ ಹೊಲಿಗೆಯಲ್ಲಿ ದಾರ ಒಂದು ಸಾಲು ಹೋಗಿ, ಬಿಟ್ಟ ಜಾಗಗಳನ್ನು ತುಂಬುತ್ತ ಅದೇ ಸಾಲಿನಲ್ಲಿ ಮರಳಿ ಬರುತ್ತದೆ. ಗಂಟು ಹಾಕುವುದಿಲ್ಲವಾದ್ದರಿಂದ ಬಟ್ಟೆಯ ಎರಡೂ ಬದಿ ಒಂದೇ ತೆರನಾಗಿ ಕಾಣುತ್ತವೆ. ಹೋಗುವಾಗ ಒಂದೆಳೆ ತಪ್ಪಿದರೆ ಬರುವಾಗ ದಾರಿ ಸಿಗುವುದಿಲ್ಲ, ಬಿಚ್ಚಲೇಬೇಕು. ಎಳೆ ಎಣಿಸಲಾಗದಷ್ಟು ನಯವಾದ ರೇಷ್ಮೆಯಾದರೆ ಮೇಲೊಂದು ಜಾಳು ಬಟ್ಟೆ ಟಾಕಿ, ಹೊಲಿಗೆ ಮುಗಿದ ಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಎಲ್ಲಕ್ಕಿಂತ ಕಠಿಣವಾದದ್ದು ಕಪ್ಪು ಬಟ್ಟೆ. ಹಿಂದೆ ಮದುವಣಗಿತ್ತಿಗೆ ಚಂದ್ರಕಾಳಿ ಎಂಬ ಕಪ್ಪು ಸೀರೆಯ ಮೇಲೆ ಕಸೂತಿ ಹಾಕಿ ಕೊಡುತ್ತಿದ್ದ ನಾಡು ಇದು, ಆದ್ದರಿಂದ ಗಿರಾಕಿಗಳಿಗೆ ಇಂದಿಗೂ ಕಪ್ಪಿನ ಮೇಲೆಯೇ ಮೋಹ. ಆದರೆ ಕಪ್ಪಿನಲ್ಲಿ ಕಪ್ಪು ಎಳೆ ಎಣಿಸುವುದೆಂದರೆ ಎಂಥ ಶಿಕ್ಷೆ ಎಂಬುದು ಹೊಲಿದವರಿಗೇ ಗೊತ್ತು. ಆರು ಜನರಲ್ಲಿ ಬಾಯಾರ ಹೊಲಿಗೆ ಎಲ್ಲರಿಗಿಂತ ನಯವಾದದ್ದು ಎಂಬ ಕಾರಣಕ್ಕೆ ಕಪ್ಪು ಬಟ್ಟೆಯನ್ನೆಲ್ಲ ನಾನು ಅವರಿಗೇ ಕೊಡುತ್ತ ಬಂದಿದ್ದೇನೆ. ಅವರಿಗೆ ಅರವತ್ತಮೂರು ವರ್ಷ. ಎಡಗಣ್ಣಿನ ಪೊರೆಯನ್ನು ಎರಡು ವರ್ಷದ ಹಿಂದೆ ತೆಗೆಸಿದ್ದಾರೆ, ಬಲಗಣ್ಣಿನದು ಬಾಕಿಯಿದೆ. ಇದೆಲ್ಲ ನನಗೆ ಗೊತ್ತಿದ್ದ ಸಂಗತಿಯೇ. ಹಾಗಿದ್ದೂ ಹಾಳೆಯ ಮೇಲೆ ಬರೆಯುವಾಗ ಅದು ನೆನಪಿಗೆ ಬರಲಿಲ್ಲ.

ಬುಧವಾರ ಫೋನು ಮಾಡಿ, ನಕ್ಕದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ ಎಂದೆ. ಅವರಿಗೆ ಅದು ನೆನಪೇ ಇರಲಿಲ್ಲ. ಬದಲಿಗೆ, “ಹೋದ ವರ್ಷ ಪಂಚಮಿ ಜುಲೈದಾಗ ಬಂದಿತ್ತು, ಈ ವರ್ಷ ಎಲ್ಲದನವಾ? ನಲವತ್ತು ಮಂದಿ ಯಾಕ ತಗೋತಾರ?” ಎಂದರು. ಕ್ಯಾಲೆಂಡರ್ ನೋಡಿದರೆ ಮಾತು ನಿಜ. 2025ರಲ್ಲಿ ನಾಗರ ಪಂಚಮಿ ಜುಲೈ 29ಕ್ಕಿತ್ತು. ತವರಿಗೆ ಬರುವ ಹೆಣ್ಣುಮಕ್ಕಳಿಗೆ ಕೊಡಲೆಂದೇ ಆ ತಿಂಗಳು ಅಷ್ಟು ಮಂದಿ ಕೊಂಡಿದ್ದರು. ಈ ವರ್ಷ ನಡುವೆ ಅಧಿಕ ಜ್ಯೇಷ್ಠ ಸೇರಿ ಪಂಚಮಿ ಆಗಸ್ಟ್ 17ಕ್ಕೆ ಹೋಗಿದೆ, ಜುಲೈಯ ಉತ್ತರಾರ್ಧವೆಲ್ಲ ಆಷಾಢ. ಜುಲೈಯನ್ನು ಜುಲೈಯೊಂದಿಗೆ ಹೋಲಿಸಿದ ನನ್ನ ತಮ್ಮನಿಗೂ ನನಗೂ ಪಂಚಾಂಗದ ನೆನಪೇ ಆಗಿರಲಿಲ್ಲ, ಗಿರಾಕಿಗಳು ಮಾತ್ರ ಅದನ್ನೇ ನೋಡಿ ಕೊಳ್ಳುತ್ತಾರೆ.

ಗುರಿಯೇ ಬೇಡವೆಂದು ನಾನು ಹೇಳಲಾರೆ. ಗುರಿಯಿಲ್ಲದ ಮೊದಲ ವರ್ಷ ನಾನು ಬರೀ ಫೋಟೊ ತೆಗೆಯುತ್ತ ಕಾಲ ಕಳೆದಿದ್ದೆ. ಆದರೆ ಕೊಳ್ಳುವುದು ಗಿರಾಕಿಯ ಕೈಯಲ್ಲಿ, ಹೊಲಿಯುವುದು ಬಾಯಾರ ಕಣ್ಣಿನಲ್ಲಿ ಇರುವಾಗ, ನಲವತ್ತು ಎಂದು ಬರೆದದ್ದರಲ್ಲಿ ನನ್ನ ಪಾಲಿನ ಕೆಲಸ ಯಾವುದಿತ್ತು ಎಂದು ಹುಡುಕಿದರೆ ಸ್ಕೆಚ್ ಪೆನ್ನು ಹಿಡಿದದ್ದೊಂದೇ ಸಿಗುತ್ತದೆ. ನನ್ನ ಕೈಯಲ್ಲಿರುವ ಕೆಲಸಗಳು ಬೇರೆಯೇ ಇವೆ. ಬಂದ ವಿಚಾರಣೆಗೆ ಅಂದೇ ಸಂಜೆ ಉತ್ತರಿಸಬೇಕು. ಪಾರ್ಸೆಲ್ ಕೈಗೆ ಬಂದಾಗ ಹಣ ಕೊಡುತ್ತೇನೆಂದು ತರಿಸಿಕೊಂಡು ಕೊನೆಗೆ ಬೇಡವೆನ್ನುವವರಿಗೆ ಕಳಿಸುವುದನ್ನು ನಿಲ್ಲಿಸಬೇಕು. ಮೇ ತಿಂಗಳಲ್ಲಿ ಹೀಗೆ ನಾಲ್ಕು ಕುಪ್ಪಸಗಳು ಹದಿನೈದು ದಿನ ಊರೂರು ಅಲೆದು, ಎರಡೂ ಕಡೆಯ ಸಾಗಣೆ ಖರ್ಚನ್ನು ನನ್ನ ತಲೆಗೆ ಕಟ್ಟಿ, ಮಡಿಕೆ ಕೆಟ್ಟು ಮರಳಿದವು. ಬೆಲೆಯನ್ನು ಏರಿಸುವ ಧೈರ್ಯವನ್ನೂ ಮಾಡಬೇಕು, ಏಕೆಂದರೆ ಆ 58 ಮೇಲೇರಲು ಬೇರೆ ದಾರಿಯಿಲ್ಲ. ಯಂತ್ರದ ಕಸೂತಿ ತರಿಸಿ ಸೇರಿಸು ಎಂದು ತಮ್ಮ ಹೇಳಿದ್ದನ್ನು ಒಪ್ಪಲಿಲ್ಲ. ಬಟ್ಟೆ ತಿರುವಿ ನೋಡುವ ಮೊದಲ ಹೆಂಗಸಿಗೇ ಸಿಕ್ಕಿಬೀಳುತ್ತೇನೆ.

ನಿನ್ನೆ ರಾತ್ರಿ ಅವನೇ ಫೋನು ಮಾಡಿ ಜುಲೈಯ ಟಾರ್ಗೆಟ್ ಎಲ್ಲಿಗೆ ಬಂತು ಎಂದು ಕೇಳಿದ. ಹದಿನೆಂಟು ಕುಪ್ಪಸ, ಅದರಲ್ಲಿ ಕಪ್ಪು ಮೂರಕ್ಕಿಂತ ಹೆಚ್ಚಿಲ್ಲ, ಒಂದು ಮೇಜಿನ ದೀಪ ಎಂದೆ. ದೀಪವನ್ನೂ ಮಾರುತ್ತೀಯಾ ಎಂದ. ಇಲ್ಲ, ಮಂಗಳವಾರ ಬಾಯಾರು ಬರುತ್ತಾರೆ, ಅವರ ಮನೆಯ ಪ್ಲಗ್ಗಿಗೆ ಎರಡು ಪಿನ್ನಿನದು ಹೊಂದುತ್ತದೋ ಮೂರು ಪಿನ್ನಿನದೋ ಕೇಳಬೇಕು ಎಂದೆ.